ತುಮಕೂರಿನಿಂದ ಪೀಣ್ಯಕ್ಕೆ ದಿನಾ ಕಾರು: ಪೆಟ್ರೋಲ್ ಖರ್ಚು ಇಳಿಸೋದು ಹೇಗೆ?

ಕ್ಯಾತ್ಸಂದ್ರದ_ಕಾರು
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಮನೆ, ಪೀಣ್ಯದಲ್ಲಿ ಕೆಲಸ. ಹೋಗಿ ಬರೋಕೆ ಹೆಚ್ಚೂಕಡಿಮೆ 120 ಕಿ.ಮೀ. ಪೆಟ್ರೋಲ್ ಕಾರು, ಲೀಟರಿಗೆ 16 ಕೊಡುತ್ತದೆ. ಅಂದರೆ ದಿನಕ್ಕೆ ಏಳೂವರೆ ಲೀಟರ್, ಸುಮಾರು 770 ರೂಪಾಯಿ. ತಿಂಗಳಿಗೆ ಪೆಟ್ರೋಲೊಂದಕ್ಕೇ 18 ಸಾವಿರ ದಾಟುತ್ತದೆ. ಟೋಲ್, ಟೈರ್, ಸರ್ವಿಸ್ ಬೇರೆ. ಬೆಂಗಳೂರಿನ ಬಾಡಿಗೆ ಉಳಿಸೋಣ ಅಂತ ಇಲ್ಲೇ ಉಳಿದೆ. ಉಳಿದ ಬಾಡಿಗೆಯನ್ನು ಈಗ ಬಂಕಿಗೆ ಕಟ್ಟುತ್ತಿದ್ದೇನೆ.

ಮನೆ ಬದಲಾಯಿಸೋದು ಆಗದ ಮಾತು. ಅಪ್ಪ ಅಮ್ಮ ಇಲ್ಲಿದ್ದಾರೆ, ಮಕ್ಕಳ ಶಾಲೆ ಇಲ್ಲಿದೆ. ಕಾರು ಮಾರೋದೂ ಇಲ್ಲ. ಓಡಿಸೋದು ಕಡಿಮೆ ಆಗಬೇಕು, ಅಷ್ಟೇ. ಬೆಳಗ್ಗೆ 9ಕ್ಕೆ ಒಳಗಿರಬೇಕು, ಸಂಜೆ 6ಕ್ಕೆ ಬಿಡುತ್ತಾರೆ. ಯಾರಾದರೂ ನಿಜವಾಗಿ ಕಡಿಮೆ ಮಾಡಿದ್ದೀರಾ? ಉಪದೇಶ ಬೇಡ, ಲೆಕ್ಕ ಬೇಕು.

ಸೀಸನ್_ಪಾಸ್_ರಾಯ
ಟ್ರೈನ್ ಇದ್ದೂ ಕಾರಿನಲ್ಲಿ ಹೋಗುತ್ತೀರಲ್ಲ ಸ್ವಾಮಿ! ತುಮಕೂರು–ಯಶವಂತಪುರ ಸೆಕೆಂಡ್ ಕ್ಲಾಸ್ ತಿಂಗಳ ಪಾಸ್ ತಗೊಳ್ಳಿ. ನಿಮ್ಮ ಒಂದು ದಿನದ ಪೆಟ್ರೋಲ್ ದುಡ್ಡಿನಲ್ಲಿ ಪಾಸೂ ಬರುತ್ತದೆ, ಚಿಲ್ಲರೆಯೂ ಉಳಿಯುತ್ತದೆ. ಮೂರು ತಿಂಗಳದ್ದು ತಗೊಂಡರೆ ಇನ್ನೂ ಅಗ್ಗ. ಯಶವಂತಪುರದಲ್ಲಿ ಇಳಿದರೆ ಹತ್ತಿರದಲ್ಲೇ ಮೆಟ್ರೊ. ಗೊರಗುಂಟೆಪಾಳ್ಯ, ಆಮೇಲೆ ಪೀಣ್ಯ. ಎರಡನೇ ಸ್ಟೇಷನ್.

ಗಮನಿಸಬೇಕಾದ್ದು ಎರಡು. ಪಾಸ್ ಇದ್ದರೂ ರಿಸರ್ವೇಷನ್ ಬೋಗಿ ಹತ್ತುವ ಹಾಗಿಲ್ಲ. ಸೂಪರ್‌ಫಾಸ್ಟ್ ಗಾಡಿಗೆ ಮೇಲೆ ಬೇರೆ ಕಟ್ಟಬೇಕು. ಗೊತ್ತಿಲ್ಲದೆ ಹತ್ತಿ ದಂಡ ಕಟ್ಟಿದವರನ್ನು ತುಂಬಾ ನೋಡಿದ್ದೇನೆ.

ಅರ್ಧ_ಟ್ಯಾಂಕ್
ಸೀಟು ಸಿಗುತ್ತಾ ಅಂತನೂ ಹೇಳಿ ರಾಯರೇ.

ಸೀಸನ್_ಪಾಸ್_ರಾಯ
ತುಮಕೂರಿನಲ್ಲೇ ಹೊರಡುವ ಗಾಡಿಗೆ ಸ್ವಲ್ಪ ಮುಂಚೆ ಹೋದರೆ ಸಿಗುತ್ತದೆ. ದೂರದಿಂದ ಬರುವ ಗಾಡಿಯಲ್ಲಿ ನಿಂತೇ ಹೋಗಬೇಕು. ಆದರೆ ಅದೊಂದು ಬೇರೆ ಲೋಕ ಬಿಡಿ. ನಮ್ಮ ಬೋಗಿಯಲ್ಲಿ ಇಸ್ಪೀಟು ಆಡುವವರಿದ್ದಾರೆ, ಭಜನೆ ಹೇಳುವವರಿದ್ದಾರೆ. ಅವರೆಕಾಯಿ ಕಾಲದಲ್ಲಿ ಅದನ್ನು ಸುಲಿದು ಮನೆಗೆ ಒಯ್ಯುವ ಹೆಂಗಸರಿದ್ದಾರೆ. ಕಾರಿನಲ್ಲಿ ಒಬ್ಬರೇ ಕೂತು ದಾಬಸ್‌ಪೇಟೆ ಲಾರಿಗಳ ಹಿಂದೆ ಶಾಪ ಹಾಕೋದಕ್ಕಿಂತ ಒಳ್ಳೆಯದು.

ಲೆಕ್ಕದ_ಮೇಷ್ಟ್ರು
ಲೆಕ್ಕ ಕೇಳಿದ್ದಾರೆ, ಸರಿಯಾಗಿ ಹಾಕೋಣ. ಕಾರು ಮಾರಲ್ಲ ಅಂದ ಮೇಲೆ ಇನ್ಶೂರೆನ್ಸ್, ಸಾಲದ ಕಂತು, ಹಳೇದಾದಂತೆ ಇಳಿಯುವ ಬೆಲೆ ಇವೆಲ್ಲ ಓಡಿಸಿದರೂ ಇದೆ, ಓಡಿಸದಿದ್ದರೂ ಇದೆ. ಉಳಿಯೋದು ಪೆಟ್ರೋಲ್, ಟೋಲ್, ಸ್ವಲ್ಪ ಟೈರು ಮತ್ತು ಸರ್ವಿಸ್. ಎದುರಿಗೆ ಪಾಸ್, ಮೆಟ್ರೊ, ಸ್ಟೇಷನ್‌ನಲ್ಲಿ ಗಾಡಿ ಸ್ಟ್ಯಾಂಡಿನ ಬಾಡಿಗೆ, ಮಳೆ ಬಂದ ದಿನದ ಆಟೊ ಇಡಿ. ಬೆಂಗಳೂರಲ್ಲಿ 2025ರ ಆಗಸ್ಟ್‌ನಿಂದ ಆಟೊ ಮಿನಿಮಮ್ಮೇ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಅದೂ ಮೀಟರ್ ಹಾಕಿದರೆ. ಎಲ್ಲ ಸೇರಿದರೂ ಕಾರಿನ ಖರ್ಚಿನ ಕಾಲು ಭಾಗ ಆಗಲಿಕ್ಕಿಲ್ಲ.

ಇನ್ನೊಂದು. ಪೂರ್ತಿ ಬಿಡಬೇಕು ಅಂತ ಹೊರಟವರು ಒಂದೇ ವಾರಕ್ಕೆ ಸಾಕಾಗಿ ವಾಪಸ್ ಬರುತ್ತಾರೆ. ವಾರಕ್ಕೆ ಮೂರು ದಿನ ಟ್ರೈನ್, ಉಳಿದ ದಿನ ಕಾರು ಅಂತ ಶುರು ಮಾಡಿ. ಖರ್ಚು ಹತ್ತಿರತ್ತಿರ ಅರ್ಧಕ್ಕೆ ಇಳಿಯುತ್ತದೆ.

ಟೋಲ್_ತಿಮ್ಮ
ಟೋಲಿಗೆ ವಾರ್ಷಿಕ ಪಾಸ್ ಇದೆಯಲ್ಲ. 2025ರ ಆಗಸ್ಟ್ 15ರಿಂದ ಶುರುವಾದದ್ದು. ಆಗ ಅದರ ಬೆಲೆ 3000 ರೂಪಾಯಿ, 200 ಸಲ ಟೋಲ್ ದಾಟಬಹುದು, ಒಂದು ವರ್ಷದೊಳಗೆ. ಸ್ವಂತ ಕಾರಿಗೆ ಮಾತ್ರ, ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಿಗೆ ಮಾತ್ರ. ಒಂದು ಸಲಕ್ಕೆ 15 ರೂಪಾಯಿ ಬಿತ್ತು. ಆದರೆ ನಿಮ್ಮ ದಾರಿಯಲ್ಲಿ ಹೋಗುತ್ತಾ ಎರಡು, ಬರುತ್ತಾ ಎರಡು ಅಂತ ಇದ್ದರೆ 200 ಬೇಗ ಮುಗಿಯುತ್ತದೆ. ಮುಗಿದ ಮೇಲೆ ಇನ್ನೊಂದು ತಗೊಂಡರೂ ಲಾಭವೇ.

ಪೀಣ್ಯ_ಎರಡನೇ_ಹಂತ
ನಾವು ನಾಲ್ಕು ಜನ ನೆಲಮಂಗಲದಿಂದ ಒಂದೇ ಕಾರಿನಲ್ಲಿ ಬರುತ್ತೇವೆ. ವಾರಕ್ಕೊಬ್ಬರ ಕಾರು. ದುಡ್ಡಿನ ವ್ಯವಹಾರವೇ ಇಲ್ಲ. ನಿಮ್ಮ ಫ್ಯಾಕ್ಟರಿಯಲ್ಲಿ ತುಮಕೂರಿನವರು ಇದ್ದೇ ಇರುತ್ತಾರೆ, ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿ.

ಅರ್ಧ_ಟ್ಯಾಂಕ್
ಕಾರ್ ಪೂಲ್ ಕಾನೂನು ಬಾಹಿರ ಅಲ್ವಾ? ಎಲ್ಲೋ ಓದಿದ ನೆನಪು.

ಪೀಣ್ಯ_ಎರಡನೇ_ಹಂತ
2023ರಲ್ಲಿ ಸಾರಿಗೆ ಇಲಾಖೆ ತಕರಾರು ತೆಗೆದದ್ದು ಬಿಳಿ ಬೋರ್ಡ್ ಗಾಡಿಯಲ್ಲಿ ಆ್ಯಪ್ ಮೂಲಕ ದುಡ್ಡಿಗೆ ಜನ ಹತ್ತಿಸಿಕೊಳ್ಳುವುದರ ಬಗ್ಗೆ. ಪಕ್ಕದ ಸೀಟಿನ ಸಹೋದ್ಯೋಗಿಯನ್ನು ಕೂರಿಸಿಕೊಂಡು ಹೋದರೆ ಯಾರು ಏನಂತಾರೆ? ನಿಜವಾದ ಕಷ್ಟ ಬೇರೆ. ಒಬ್ಬರಿಗೆ ಎಸಿ ಬೇಕು, ಇನ್ನೊಬ್ಬರಿಗೆ ತಲೆನೋವು. ಒಬ್ಬರು ದಿನಾ ಹತ್ತು ನಿಮಿಷ ಲೇಟು. ನಮ್ಮಲ್ಲೊಬ್ಬರು ಮುಂದಿನ ಸೀಟಿನಲ್ಲಿ ಕೂತು ಸ್ಪೀಕರ್ ಹಾಕಿಕೊಂಡು ಷೇರು ಮಾರುಕಟ್ಟೆ ಕೇಳುತ್ತಾರೆ. ಪೆಟ್ರೋಲ್ 150 ಆದರೂ ಅವರನ್ನು ಬಿಟ್ಟು ಹೋಗೋಣ ಅನಿಸುತ್ತದೆ.

ಶಕ್ತಿ_ಮಾನಿನಿ
ನನ್ನ ಖರ್ಚು ಸೊನ್ನೆ. ಹೆಂಗಸರಿಗೆ ಸರ್ಕಾರಿ ಬಸ್ ಬಿಟ್ಟಿಯಾದ 2023ರ ಜೂನ್ 11ರಿಂದ ಸ್ಕೂಟಿ ಮನೆಯಲ್ಲೇ ನಿಂತಿದೆ. ತರಕಾರಿಗೆ ಮಾತ್ರ ತೆಗೆಯುತ್ತೇನೆ. ಆಧಾರ್ ಕಾರ್ಡ್ ತೋರಿಸು, ಸೊನ್ನೆ ಟಿಕೆಟ್ ತಗೋ, ಕೂತ್ಕೋ.

ಹಾಸನದ_ಹೈದ
ಕೂತ್ಕೊಳ್ಳೋದು ನೀವು ಅಕ್ಕ, ನಿಂತ್ಕೊಳ್ಳೋದು ನಾವು. ಟಿಕೆಟ್ ದುಡ್ಡು ಕೊಡೋದೂ ನಾವೇ. 2025ರ ಜನವರಿಯಲ್ಲಿ ಶೇ 15 ಏರಿಸಿದ್ದು ಯಾರ ಮೇಲೆ ಬಿತ್ತು?

ಶಕ್ತಿ_ಮಾನಿನಿ
ಊರಿಂದೂರಿಗೆ ಹೋಗುವ ಸಾಮಾನ್ಯ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ಆದೇಶದಲ್ಲೇ ಇದೆಯಪ್ಪ. ಕಂಡಕ್ಟರಿಗೆ ಹೇಳಿ ಎಬ್ಬಿಸು. ನನ್ನನ್ನು ಎಬ್ಬಿಸಿದರೂ ಎದ್ದೇಳುತ್ತೇನೆ.

ಹಾಸನದ_ಹೈದ
ನಮ್ಮೂರ ಬಸ್ಸಿನಲ್ಲಿ ಹಾಗೆ ಕೇಳಿ ನೋಡಿ, ಮುಂದಿನ ಸ್ಟಾಪಿನಲ್ಲಿ ನಾನೇ ಇಳಿಯಬೇಕಾಗುತ್ತದೆ 😄

ಮಲೆನಾಡ_ಜಡಿಮಳೆ
ನೀವೆಲ್ಲ ಟ್ರೈನು, ಮೆಟ್ರೊ, ಬಸ್ಸು ಅಂತ ಆರಿಸುತ್ತಾ ಕೂತಿದ್ದೀರಿ. ತೀರ್ಥಹಳ್ಳಿ ಆಚೆ ನಮ್ಮ ಊರಿಗೆ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು. ಅದು ತಪ್ಪಿದರೆ ಬೈಕೇ ಗತಿ. ಹಾಲು ಡೈರಿಗೆ ಬೈಕು, ರೇಷನ್ನಿಗೆ ಬೈಕು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಜೀಪು. ಯಾವುದನ್ನು ಕಡಿಮೆ ಮಾಡಲಿ?

ಮತ್ತೆ ಪೆಟ್ರೋಲ್ ಅಂದರೆ ಬರೀ ಓಡಾಟ ಅಲ್ಲ. ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ನಿಗೆ ಪೆಟ್ರೋಲ್. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರದಂತೆ ಬೋರ್ಡೋ ಔಷಧಿ ಹೊಡೆಯಬೇಕು, ಆ ಪಂಪಿಗೂ ಎಣ್ಣೆ ಬೇಕು. ಬಂಕು ಇರೋದು ಪೇಟೆಯಲ್ಲಿ. ಪೆಟ್ರೋಲ್ ತರೋದಕ್ಕೇ ಪೆಟ್ರೋಲ್ ಸುಡಬೇಕು. ರೇಟು ಏರಿತು ಅಂತ ಒಂದು ಔಷಧಿ ಬಿಟ್ಟರೆ ವರ್ಷದ ಬೆಳೆ ಉದುರಿಹೋಗುತ್ತದೆ. ನಾವು ಕಡಿಮೆ ಮಾಡೋದು ಮದುವೆ ಮುಂಜಿಗೆ ಹೋಗೋದನ್ನು. ಅದೂ ಎಲ್ಲಿ, ಹೋಗದಿದ್ದರೆ ನಂಟರು ಬಿಡುತ್ತಾರಾ?

ಸೀಸನ್_ಪಾಸ್_ರಾಯ
ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ತುಮಕೂರಿನವರಿಗೆ ಹೇಳಿದ್ದು.

ಲಾರಿ_ಮಾಲೀಕ_ಚಿತ್ರದುರ್ಗ
ನಮ್ಮದೂ ಅದೇ ಕಥೆ. ಒಂದು ಟ್ರಿಪ್ಪಿನ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ಲೇ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ ಏರಿಸಿತು. 2025ರ ಏಪ್ರಿಲ್ 1ಕ್ಕೆ ಮತ್ತೆ 21.17. ಆ ತಿಂಗಳು ಲಾರಿ ಮುಷ್ಕರ ಆದದ್ದು ಸುಮ್ನೆ ಅಲ್ಲ. ಬಾಡಿಗೆ ಒಪ್ಪಿಕೊಂಡ ಮೇಲೆ ರೇಟು ಏರಿದರೆ ವ್ಯತ್ಯಾಸ ನಮ್ಮ ಜೇಬಿನಿಂದಲೇ. ಖಾಲಿ ವಾಪಸ್ ಬರಬಾರದು ಅಂತ ಎರಡು ದಿನ ಲೋಡಿಗೆ ಕಾಯುತ್ತೇವೆ. ನಮಗೆ ಗೊತ್ತಿರುವ ಉಳಿತಾಯ ಅದೊಂದೇ.

ನೇರ_ಮಾತು
ಅಲ್ಲಿಗೆ ಬಂತು. ಪೆಟ್ರೋಲಿಗೂ 2024ರ ಜೂನ್‌ನಲ್ಲೇ ಶೇ 25.92 ಇದ್ದದ್ದು 29.84 ಆಯಿತು. ಬೆಂಗಳೂರಲ್ಲಿ ಲೀಟರಿಗೆ 3 ರೂಪಾಯಿ ಏರಿ 102 ದಾಟಿತು. ಬಿಟ್ಟಿ ಬಸ್ಸಿನ ದುಡ್ಡು ಎಲ್ಲಿಂದ ಬರುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಲೆಕ್ಕದ_ಮೇಷ್ಟ್ರು
ಅರ್ಧ ಕಥೆ ಹೇಳಬೇಡಿ. 2014ರ ಕೊನೆಯಿಂದ ಕಚ್ಚಾ ತೈಲ ನೆಲಕಚ್ಚಿದಾಗ ಕೇಂದ್ರ ಅಬಕಾರಿ ಸುಂಕವನ್ನು ಮೇಲಿಂದ ಮೇಲೆ ಏರಿಸಿತು. 2020ರಲ್ಲಿ ಲಾಕ್‌ಡೌನ್ ಹೊತ್ತಿನಲ್ಲಿ ಮಾರ್ಚ್, ಮೇ ಸೇರಿ ಪೆಟ್ರೋಲಿಗೆ 13, ಡೀಸೆಲ್ಲಿಗೆ 16 ರೂಪಾಯಿ. ಆಗ ಪೆಟ್ರೋಲ್ ಮೇಲಿನ ಸುಂಕವೇ 32.98 ಆಗಿತ್ತು. ಇಳಿಸಿದ್ದು 2021ರ ನವೆಂಬರ್ ಮತ್ತು 2022ರ ಮೇನಲ್ಲಿ, ಮೊದಲು 5, ಆಮೇಲೆ 8.

ನೇರ_ಮಾತು
2021ರ ನವೆಂಬರ್‌ನಲ್ಲಿ ಅಂದಿನ ರಾಜ್ಯ ಸರ್ಕಾರವೂ 7 ರೂಪಾಯಿ ಇಳಿಸಿತ್ತು. ಅದನ್ನೂ ಬರೆಯಿರಿ ಮೇಷ್ಟ್ರೇ.

ಲೆಕ್ಕದ_ಮೇಷ್ಟ್ರು
ಬರೆದೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಮತ್ತೆ 2 ರೂಪಾಯಿ ಸುಂಕ ಏರಿಸಿದ್ದನ್ನು ನೀವು ಬರೆಯಿರಿ. ಅದು ಬಂಕಿನ ರೇಟಿನಲ್ಲಿ ಕಾಣಲಿಲ್ಲ. ಕಚ್ಚಾ ತೈಲ ಇಳಿದಿತ್ತು, ಇಳಿದ ಲಾಭ ನಮಗೆ ಬರುವ ಬದಲು ಅತ್ತ ಹೋಯಿತು. ಜಿಎಸ್‌ಟಿಗೆ ತರುವ ಮಾತು ಬಂದಾಗ ಇಬ್ಬರೂ ಮೌನ. ಜಗಳ ನಮಗೆ ಬಿಟ್ಟು ಇಬ್ಬರೂ ತಗೊಳ್ಳುತ್ತಿದ್ದಾರೆ.

ತಲಪಾಡಿ_ಗಡಿಯವ
ನಮ್ಮ ಕಡೆ ಬನ್ನಿ. ಕೇರಳದಲ್ಲಿ 2023ರ ಏಪ್ರಿಲ್‌ನಿಂದ 2 ರೂಪಾಯಿ ಸೆಸ್ ಬೇರೆ ಹಾಕಿದ್ದಾರೆ. ಕಾಸರಗೋಡಿನ ಗಾಡಿಗಳು ಮಂಗಳೂರಿಗೆ ಬಂದರೆ ಟ್ಯಾಂಕ್ ಫುಲ್ ಮಾಡದೆ ವಾಪಸ್ ಹೋಗೋದೇ ಇಲ್ಲ. ಗಡಿಯ ಬಂಕುಗಳಲ್ಲಿ "ಕೇರಳಕ್ಕಿಂತ ಇಲ್ಲಿ ಕಡಿಮೆ" ಅಂತ ಮಲಯಾಳಂನಲ್ಲೇ ಬೋರ್ಡು. ನೀವು 102 ಅಂತ ಅಳುತ್ತಿದ್ದರೆ ಅವರಿಗೆ ಅದೇ ಹಬ್ಬ.

ಕಾರವಾರ_ಮೀನು
ನಾವು ಉಲ್ಟಾ. ಪೋಳೆಂ ಕಡೆ ದಾಟಿ ಗೋವಾದಲ್ಲಿ ಹಾಕಿಸುತ್ತೇವೆ. ಪೆಟ್ರೋಲ್‌ಗೆ ಮಾತ್ರ ಹೋಗೋದು ಅಂತ ಮನೆಯಲ್ಲಿ ಯಾರೂ ನಂಬೋದಿಲ್ಲ ಅನ್ನೋದು ಬೇರೆ ವಿಷಯ.

ಧಾರವಾಡ_ಪೇಡೆ
ಹುಬ್ಬಳ್ಳಿ–ಧಾರವಾಡ 22 ಕಿ.ಮೀ. ದಾರಿಗೆ ಚಿಗರಿ ಬಸ್ ಬಂದ ಮೇಲೆ ನಮ್ಮ ಆಫೀಸಿನಲ್ಲಿ ಅರ್ಧ ಜನ ಬೈಕ್ ಬಿಟ್ಟರು ನೋಡ್ರಿ. ಎಸಿ ಬಸ್ಸು, ಬೇರೆ ಲೇನು. ಸಿಗ್ನಲ್‌ನಲ್ಲಿ ಕಾರಿನವರು ನಿಂತಿರುವಾಗ ಪಕ್ಕದಲ್ಲಿ ಝುಮ್ ಅಂತ ಹೋಗೋದು ಭಾಳ ಖುಷಿ ರೀ. ಪೆಟ್ರೋಲ್ ದುಬಾರಿ ಅಂತ ಹೆದರಿಸಿದರೆ ಜನ ಗಾಡಿ ಬಿಡೋದಿಲ್ಲ. ಬಸ್ಸು ಬೇಗ ಹೋಗುತ್ತದೆ ಅಂತ ಕಂಡರೆ ತಾವೇ ಹತ್ತುತ್ತಾರೆ.

ಇವಿ_ಈರಣ್ಣ
ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆ ಯಾರೂ ಹೇಳಲಿಲ್ವಲ್ಲ. ಮೂರು ಯೂನಿಟ್ಟಿನ ಆಸುಪಾಸು ಕರೆಂಟಿಗೆ 100 ಕಿ.ಮೀ. ಹತ್ತಿರ ಓಡುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 20 ರೂಪಾಯಿ ಆಗಲ್ಲ. ಪೆಟ್ರೋಲ್ ಸ್ಕೂಟರ್ 45 ಮೈಲೇಜ್ ಅಂದರೂ ಅಷ್ಟು ದೂರಕ್ಕೆ 225. ನಮಗಂತೂ ಗೃಹಜ್ಯೋತಿ ಇದೆ, ಕರೆಂಟೂ ಬಿಟ್ಟಿ!

ಮೀಟರ್_ರೀಡರ್
ಈರಣ್ಣ, ಅದು ಹಾಗಲ್ಲ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಬಿಟ್ಟಿ ಇಲ್ಲ. ನಿಮ್ಮ ಹಳೇ ಬಳಕೆಯ ಸರಾಸರಿ, ಅದರ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಇಟ್ಟಿರುತ್ತಾರೆ. ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಸ್ಕೂಟರ್ ಬಂದ ಮೇಲೆ ಬಿಲ್ ತೆಗೆದು ನೋಡಿ.

ಇವಿ_ಈರಣ್ಣ
ಪೂರ್ತಿ ಬಿಲ್ ಕಟ್ಟಿದರೂ ಬಂಕಿಗಿಂತ ಕಡಿಮೆಯೇ ಅಣ್ಣಾ.

ಅರ್ಧ_ಟ್ಯಾಂಕ್
ತುಮಕೂರಿಂದ ಪೀಣ್ಯಕ್ಕೆ ಹೈವೇನಲ್ಲಿ ಸ್ಕೂಟರ್? ಲಾರಿ ಗಾಳಿಗೇ ಹಾರಿಹೋಗುತ್ತಾರೆ ಪಾಪ.

ಇವಿ_ಈರಣ್ಣ
ಸ್ಟೇಷನ್ ತನಕ ಹೋಗಲಿಕ್ಕೆ ಹೇಳಿದ್ದು ಮಾರಾಯ.

ಘಾಟಿ_ಗೋಪಿ
ಇಷ್ಟೆಲ್ಲ ಯಾಕೆ? ನಾನು ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ ಇಂಜಿನ್ ಆಫ್ ಮಾಡುತ್ತೇನೆ. ಕೊಟ್ಟಿಗೆಹಾರದಿಂದ ಕೆಳಗೆ ತನಕ ಒಂದು ಹನಿ ಪೆಟ್ರೋಲ್ ಖರ್ಚಿಲ್ಲ.

ಗ್ಯಾರೇಜ್_ಗುರು
ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಇಂಜಿನ್ ಆಫ್ ಆದರೆ ಬ್ರೇಕಿಗೆ ಸಿಗುವ ಸಹಾಯ ನಿಲ್ಲುತ್ತದೆ. ಎರಡು ಮೂರು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಸ್ಟೇರಿಂಗ್ ಬಿಗಿಯಾಗುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದರೆ ಏನು ಮಾಡುತ್ತೀರಿ?

ಮತ್ತೆ ಉಳಿತಾಯವೂ ಇಲ್ಲ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ ತಾನೇ ಪೆಟ್ರೋಲ್ ನಿಲ್ಲಿಸುತ್ತದೆ. ಚಕ್ರವೇ ಇಂಜಿನ್ ತಿರುಗಿಸುತ್ತಿರುತ್ತದೆ. ಇಂಜಿನ್ ಆಫ್ ಮಾಡದೆ ಬರೀ ನ್ಯೂಟ್ರಲ್ ಹಾಕಿದರೆ ಅದು ಆರದಿರಲಿ ಅಂತ ಪೆಟ್ರೋಲ್ ಕುಡಿಯುತ್ತದೆ. ಅಂದರೆ ಎರಡನೇ ಗೇರಿನಲ್ಲಿ ಇಳಿದವನಿಗೇ ಖರ್ಚು ಕಡಿಮೆ, ಜೀವಕ್ಕೂ ಒಳ್ಳೆಯದು.

ಮೂಲ ಪ್ರಶ್ನೆ ಹಾಕಿದವರಿಗೆ: ಹೈವೇನಲ್ಲಿ 100ರಲ್ಲಿ ಹೋಗೋದನ್ನು 80ಕ್ಕೆ ಇಳಿಸಿ. ಟೈರಿನ ಗಾಳಿ ತಿಂಗಳಿಗೆರಡು ಸಲ ನೋಡಿ. ಡಿಕ್ಕಿಯಲ್ಲಿ ಇಟ್ಟುಕೊಂಡ ಗೋಡೌನ್ ಖಾಲಿ ಮಾಡಿ. ಇಷ್ಟಕ್ಕೇ ನಿಮ್ಮ 16 ಇದ್ದದ್ದು 18 ಆದರೆ ಆಶ್ಚರ್ಯ ಇಲ್ಲ.

ಘಾಟಿ_ಗೋಪಿ
ನಮ್ಮಪ್ಪನ ಕಾಲದಿಂದ ಹೀಗೇ ಇಳಿಯುತ್ತಿದ್ದೇವೆ, ಏನೂ ಆಗಿಲ್ಲ.

ಗ್ಯಾರೇಜ್_ಗುರು
ಆದವರು ಇಲ್ಲಿ ಬಂದು ಬರೆಯಲ್ಲ ಗೋಪಿ.

ಹಳೇ_ಸ್ಕೂಟರ್
ಈಗ ಮೈಲೇಜ್ ಕಡಿಮೆ ಆಗಿರೋದು ನನಗೊಬ್ಬನಿಗಾ, ಎಲ್ಲರಿಗೂನಾ? ಇಥೆನಾಲ್ ಶೇ 20 ಬೆರೆಸಿದ್ದಾರಂತೆ.

ಗ್ಯಾರೇಜ್_ಗುರು
ಸ್ವಲ್ಪ ಇಳಿಯೋದು ನಿಜ. ಲೀಟರಿಗೆ ಲೀಟರ್ ನೋಡಿದರೆ ಇಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. 20 ಭಾಗ ಬೆರೆಸಿದರೆ ಕೆಲವು ಶೇಕಡಾ ಹೊಡೆತ ಬಿದ್ದೇ ಬೀಳುತ್ತದೆ. "ಅರ್ಧಕ್ಕರ್ಧ ಇಳಿಯಿತು" ಅನ್ನುವವರ ಗಾಡಿಗೆ ಬೇರೆ ರೋಗ ಇರುತ್ತದೆ. ಹಳೇ ಸ್ಕೂಟರಾದರೆ ರಬ್ಬರ್ ಪೈಪು, ವಾಷರ್ ಚೆಕ್ ಮಾಡಿಸಿ. ಅವನ್ನು ಈ ಮಿಶ್ರಣಕ್ಕೆ ಅಂತ ಮಾಡಿರೋದಿಲ್ಲ.

ಮಂಡ್ಯದ_ಗೌಡ
ಇಥೆನಾಲ್‌ಗೆ ಬೈಯಬೇಡಿ, ನಮ್ಮ ಕಬ್ಬಿಗೆ ಅದರಿಂದಲೇ ಒಂದು ದಾರಿ.

ಹಳೇ_ಸ್ಕೂಟರ್
ಬೈತಿಲ್ಲ ಗೌಡ್ರೇ. ಮೈಲೇಜ್ ಇಳಿದ ಮೇಲೆ ರೇಟೂ ಇಳಿಸಬೇಕಿತ್ತು, ಅಷ್ಟೇ ನನ್ನ ತಕರಾರು.

ಎಪ್ಪತ್ತರ_ತಾತ
1973ರಲ್ಲೂ ಹೀಗೇ ಆಗಿತ್ತು. ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದವು, ಇಲ್ಲಿ ರೇಟು ಏರಿತು. ಆ ನವೆಂಬರ್‌ನಲ್ಲಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಆಗ ನಮ್ಮ ಮೈಸೂರಿನಲ್ಲಿ ಕಾರಿದ್ದವರೇ ಬೆರಳೆಣಿಕೆ. ನಾವು ಸೈಕಲ್ಲಿನವರು ಪೇಪರ್ ಓದಿ ನಕ್ಕೆವು. ಈಗ ಮೊಮ್ಮಗ ಎರಡು ರಸ್ತೆ ಆಚೆಯ ಜಿಮ್ಮಿಗೆ ಬೈಕಿನಲ್ಲಿ ಹೋಗಿ ಅಲ್ಲಿ ಸೈಕಲ್ ತುಳಿದು ಬರುತ್ತಾನೆ.

ಶಕ್ತಿ_ಮಾನಿನಿ
ತಾತಾ 😂😂

ಕ್ಯಾತ್ಸಂದ್ರದ_ಕಾರು
ಎಲ್ಲರಿಗೂ ಥ್ಯಾಂಕ್ಸ್. ಟ್ರೈನ್ ಮತ್ತು ನೋಟಿಸ್ ಬೋರ್ಡಿನ ಚೀಟಿ ಎರಡೂ ಮಾಡುತ್ತೇನೆ. ವಾರಕ್ಕೆ ಮೂರು ದಿನ ಪಾಸ್, ಉಳಿದ ದಿನ ಜೊತೆಗೆ ಯಾರಾದರೂ ಸಿಕ್ಕರೆ ಕಾರು. ಒಂದು ಅನುಮಾನ: ಸಂಜೆ ಓವರ್‌ಟೈಮ್ ಇದ್ದರೆ ಟ್ರೈನ್ ತಪ್ಪುತ್ತದೆ. ಆಗ?

ಸೀಸನ್_ಪಾಸ್_ರಾಯ
ಆಗ ಟ್ರೈನಿಗೆ ಯಾಕೆ ಓಡುತ್ತೀರಿ? ಜಾಲಹಳ್ಳಿ ಕ್ರಾಸಿಗೆ ಬನ್ನಿ. ತುಮಕೂರು ಬಸ್ಸುಗಳು ಸಾಲಾಗಿ ಬರುತ್ತಿರುತ್ತವೆ. ತುಮಕೂರಿನಲ್ಲಿ ಗಾಡಿ ಸ್ಟೇಷನ್ ಸ್ಟ್ಯಾಂಡಿನಲ್ಲಿ ಇರುತ್ತದೆ, ಬಸ್ ಸ್ಟ್ಯಾಂಡಿನಿಂದ ಅಲ್ಲಿಗೆ ಆಟೊ. ಆ ಒಂದು ದಿನ ಸ್ವಲ್ಪ ಜಾಸ್ತಿ ಆಗುತ್ತದೆ.

ಹಾಸನದ_ಹೈದ
ಸಂಜೆ ಏಳಕ್ಕೆ ಜಾಲಹಳ್ಳಿ ಕ್ರಾಸಿನಲ್ಲಿ ಸೀಟು ಸಿಗೋದಿಲ್ಲ ಅಂತನೂ ಹೇಳಿ.

ಅರ್ಧ_ಟ್ಯಾಂಕ್
ಒಂದು ಕೇಳೋಣ ಅಂತಿದ್ದೆ. ಬೆಳಗಿನ ಜಾವ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಬರುತ್ತದೆ, ನೂರರ ಬದಲು 110ಕ್ಕೆ ಹಾಕಿಸಬೇಕು ಅಂತೆಲ್ಲ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದಲ್ಲ, ನಿಜನಾ?

ಗ್ಯಾರೇಜ್_ಗುರು
ಟ್ಯಾಂಕ್ ನೆಲದೊಳಗೆ ಇರುತ್ತದೆ. ಅಲ್ಲಿ ಬೆಳಗ್ಗೆ ಮಧ್ಯಾಹ್ನ ಅಂತ ಬಿಸಿ ಹೆಚ್ಚು ಬದಲಾಗಲ್ಲ. 110 ಅನ್ನೋದೂ ಸುಮ್ನೆ. ಮೀಟರ್ ಸೊನ್ನೆಯಿಂದ ಶುರುವಾಯಿತಾ ನೋಡಿ, ಸಾಕು. ಅನುಮಾನ ಬಂದರೆ ಪ್ರತಿ ಬಂಕಿನಲ್ಲೂ ಮುದ್ರೆ ಒತ್ತಿದ 5 ಲೀಟರ್ ಅಳತೆ ಪಾತ್ರೆ ಇಟ್ಟಿರಬೇಕು. ಅದಕ್ಕೆ ಹಾಕಿ ತೋರಿಸಿ ಅಂತ ಕೇಳುವ ಹಕ್ಕು ಗಿರಾಕಿಗೆ ಇದೆ.

ಅರ್ಧ_ಟ್ಯಾಂಕ್
ಕೇಳಿದರೆ ಜಗಳಕ್ಕೆ ಬರಲ್ವಾ?

ಗ್ಯಾರೇಜ್_ಗುರು
ಮುಖ ಸಿಂಡರಿಸುತ್ತಾರೆ, ಆದರೂ ತೋರಿಸುತ್ತಾರೆ. ಹಿಂದೆ ಕ್ಯೂನಲ್ಲಿ ನಿಂತವರು ಮಾತ್ರ ಹಾರ್ನ್ ಹೊಡೆದು ಸಾಯಿಸುತ್ತಾರೆ. ರಶ್ ಇಲ್ಲದಾಗ ಹೋಗಿ.